ಹಳೇ ಮೆಟಲ್, ಹೊಸ ಬ್ಯಾಂಡ್: ಯಾವುದರಿಂದ ಶುರು ಮಾಡೋಣ?

ಹಳೇ ಕಾಲದ ಹೆವಿ ಮೆಟಲ್ ಇಷ್ಟ, ಆದರೆ ಈ ಕಾಲದ ಬ್ಯಾಂಡ್ ಬೇಕು ಅನ್ನುವವರಿಗೆ ಮೂರು ದಾರಿಗಳಿವೆ.

ಗುನುಗೋಕೆ ರಾಗ ಬೇಕಾ? ಸ್ವೀಡನ್‌ನ ಎನ್‌ಫೋರ್ಸರ್ ಕೇಳಿ. ಜೋಡಿ ಗಿಟಾರ್, ಏರುದನಿಯ ಹಾಡುಗಾರಿಕೆ. ಹಳೇ ಬ್ಯಾಂಡ್ ಐರನ್ ಮೇಡನ್ ಕೇಳಿ ಬೆಳೆದವರಿಗೆ ತವರಿಗೆ ಬಂದ ಹಾಗಿರುತ್ತದೆ. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಕೂಡ ಇದೇ ಬಳಗ. 1998ರಲ್ಲಿ ಶುರುವಾದ ಇವರು 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲಿ ನುಡಿಸಿದರು. ಗಿಟಾರ್ ಇಂಪು, ದನಿ ಮಾತ್ರ ಒರಟು. ನನಗೆ ಆ ಜೋಡಿಯೇ ಇಷ್ಟ.

ವೇಗವೇ ಮುಖ್ಯ ಅಂದರೆ ಥ್ರ್ಯಾಶ್ ಅನ್ನೋ ಮೆಟಲ್ ಶೈಲಿ. ಡಲ್ಲಾಸ್‌ನ ಪವರ್ ಟ್ರಿಪ್ ಬ್ಯಾಂಡ್ 2017ರಲ್ಲಿ ತಂದ ಆಲ್ಬಮ್ 'ನೈಟ್‌ಮೇರ್ ಲಾಜಿಕ್'‌ನಲ್ಲಿ ಎಂಟೇ ಹಾಡು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಎಲ್ಲೂ ಬೋರಾಗಲ್ಲ.

ಮೂರನೆಯದು ಡೆತ್ ಮೆಟಲ್, ಗುರುಗುಟ್ಟುವ ದನಿಯ ಭಾರದ ಶೈಲಿ. ಸ್ವೀಡನ್ ಶೈಲಿಯ ಡೆತ್ ಮೆಟಲ್‌ನ ಗುಟ್ಟೆಲ್ಲ ಗಿಟಾರ್ ಸದ್ದು ಬದಲಿಸೋ, ಕಾಲಲ್ಲಿ ಒತ್ತೋ ಒಂದು ಪುಟ್ಟ ಕಪ್ಪು ಪೆಡಲ್‌ನಲ್ಲಿದೆ: ಬಾಸ್ ಕಂಪನಿಯ ಎಚ್‌ಎಂ-2. ಅದಕ್ಕೆ ಸದ್ದು ಹೊಂದಿಸೋ ನಾಲ್ಕು ತಿರುಗುಗುಂಡಿ. ಅಲ್ಲಿನ ಸ್ಟಾಕ್‌ಹೋಮ್‌ನ ಬ್ಯಾಂಡ್ ಹುಡುಗರು 1990ರ ಹೊತ್ತಿಗೆ ನಾಲ್ಕನ್ನೂ ಕೊನೆವರೆಗೆ ತಿರುಗಿಸಿದರು. ಗಿಟಾರ್ ಮರ ಕೊಯ್ಯೋ ಯಂತ್ರದ ಹಾಗೆ ಗರಗರ ಅಂದಿತು. 1991ರಲ್ಲಿ ನಿಂತುಹೋಗಿದ್ದ ಪೆಡಲ್ ಅನ್ನು ಕಂಪನಿ 2021ರಲ್ಲಿ ಹೊಸ ರೂಪದಲ್ಲಿ ಮತ್ತೆ ತಂದಿತು. ಅಷ್ಟು ಬೇಡಿಕೆ ಇತ್ತು, ನೋಡಿ! ಆ ಸದ್ದು ಈಗ ಬೇಕಿದ್ದರೆ ಅರಿಜೋನಾದ ಗೇಟ್‌ಕ್ರೀಪರ್ ಕೇಳಿ. ಹಾಡಿನ ಮಾತು ಅರ್ಥವಾಗಲ್ಲ, ಆದರೆ ರಿಫ್, ಅಂದರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಎದೆಗೇ ಗುದ್ದುತ್ತದೆ.

ಹೊಸಬರಾದರೆ ಮೊದಲು ಎನ್‌ಫೋರ್ಸರ್. ಮೆಟಾಲಿಕಾದ ಮೊದಲ ಥ್ರ್ಯಾಶ್ ಆಲ್ಬಮ್‌ಗಳು ಬಾಯಿಪಾಠ ಆಗಿದ್ದರೆ ಸೀದಾ ಪವರ್ ಟ್ರಿಪ್‌ಗೆ ಹೋಗಿ. ಗೇಟ್‌ಕ್ರೀಪರ್‌ಗೆ ಒಳ್ಳೇ ಹೆಡ್‌ಫೋನ್ ಬೇಕೇ ಬೇಕು.