ಕುಂಚ ಹಿಡಿಯಲಾರದ ರಾಜಕುಮಾರ

ಮಾರ್ಗರೆಟ್ ರೋಜರ್ಸನ್ ಅವರ ಮೊದಲ ಕಾದಂಬರಿ ‘ಆ್ಯನ್ ಎನ್‌ಚಾಂಟ್‌ಮೆಂಟ್ ಆಫ್ ರೇವನ್ಸ್’ 2017ರಲ್ಲಿ ಪ್ರಕಟವಾಯಿತು. ಹದಿಹರೆಯದ ಓದುಗರಿಗಾಗಿ ಬರೆದ ಈ ಪುಸ್ತಕದಲ್ಲಿರುವುದು ಅಮಾನುಷ ಕುಲದ ರಾಜಕುಮಾರನಿಗೂ ಮನುಷ್ಯ ಕುಲದ ಹುಡುಗಿಗೂ ನಡುವೆ ಹುಟ್ಟುವ ಪ್ರೀತಿಯ ಕಥೆ. ಇಂಥ ಪುಸ್ತಕಗಳನ್ನು ನಾನಾಗಿ ಹುಡುಕಿಕೊಂಡು ಹೋಗಿ ಓದಿದವಳಲ್ಲ. ಬಳ್ಳಾರಿಯಲ್ಲಿ ಕಾಲೇಜು ಓದುತ್ತಿರುವ ಅಣ್ಣನ ಮಗಳು ದಸರಾ ರಜೆಗೆ ಬಂದಾಗ ಇದನ್ನು ನನ್ನ ಕೈಗಿಟ್ಟು, “ಅತ್ತಿ, ಇದ್ರಾಗ ನಮ್ಮ ಕಿನ್ನಾಳದ ಮಂದಿ ಅದಾರ, ಓದ್ರಿ” ಎಂದಳು. ಕೊಪ್ಪಳದ ಹತ್ತಿರದ ನನ್ನ ತವರೂರಿನವರು ಇಂಗ್ಲಿಷ್ ಕಾದಂಬರಿಯೊಳಗೆ ಹೇಗೆ ಸೇರಿಕೊಂಡರೆಂಬ ಕುತೂಹಲಕ್ಕೆ ಓದಲು ಕುಳಿತವಳು ಸುಮಾರು 300 ಪುಟಗಳನ್ನು ಮೂರು ರಾತ್ರಿಗಳಲ್ಲಿ ಮುಗಿಸಿದೆ. ಅವಳು ಹೇಳಿದ್ದು ನಿಜವಾಗಿತ್ತು.

ಕಥೆ ನಡೆಯುವುದು ವಿಮ್ಸಿ ಎಂಬ ಹಳ್ಳಿಯಲ್ಲಿ. ಅಲ್ಲಿ ಕಾಲ ಬೇಸಿಗೆಯಲ್ಲೇ ನಿಂತುಬಿಟ್ಟಿದೆ. 17 ವರ್ಷದ ಇಸೊಬೆಲ್ ತನ್ನನ್ನು ಸಾಕಿದ ಎಮ್ಮಾ ಎಂಬ ಬಂಧುವಿನೊಂದಿಗೆ, ಒಂದು ಕಾಲಕ್ಕೆ ಮೇಕೆಮರಿಗಳಾಗಿದ್ದು ಮಾಯೆಯಿಂದ ಹುಡುಗಿಯರಾದ ಇಬ್ಬರು ತುಂಟ ತಂಗಿಯರೊಂದಿಗೆ ವಾಸಿಸುತ್ತಾಳೆ. ಅವಳ ಕಸುಬು ಮುಖಚಿತ್ರ ಬರೆಯುವುದು. ಗಿರಾಕಿಗಳೆಲ್ಲ ಕಾಡಿನಾಚೆಯ ಅಮಾನುಷರು. ಸಾವಿಲ್ಲದವರು, ಚೆಲುವರು, ಸುಳ್ಳು ಹೇಳಲು ಬಾರದವರು, ಕಬ್ಬಿಣಕ್ಕೆ ಹೆದರುವವರು. ಇವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂದು ಓದುವಾಗಲೆಲ್ಲ ಯೋಚಿಸುತ್ತಿದ್ದೆ. ಮಕ್ಕಳ ಕಥೆಗಳಲ್ಲಿ ನಾವು ಬಳಸುವ ಕಿನ್ನರಿ ಎಂಬ ಮಾತು ಇವರ ಕ್ರೌರ್ಯಕ್ಕೆ ಹೊಂದುವುದಿಲ್ಲ. ಗಂಧರ್ವರೆನ್ನೋಣವೆಂದರೆ ನಮ್ಮ ಗಂಧರ್ವರು ಸ್ವತಃ ಹಾಡುಗಾರರು, ಇವರೋ ಏನನ್ನೂ ಮಾಡಲಾರದವರು. ಸಂಪತ್ತಿಗೆ ಕಾವಲಿದ್ದು, ಮಾತಿನ ಷರತ್ತಿನಲ್ಲೇ ಮನುಷ್ಯನನ್ನು ಕಟ್ಟಿಹಾಕುವ ಯಕ್ಷರೇ ಇವರಿಗೆ ಹತ್ತಿರದ ಬಳಗವೆಂದು ತೋರಿದ್ದರಿಂದ ಇಲ್ಲಿ ಅದೇ ಮಾತನ್ನು ಬಳಸುತ್ತೇನೆ.

ಏನನ್ನೂ ಮಾಡಲಾರದವರು ಎಂದೆನಲ್ಲ, ಇಡೀ ಕಾದಂಬರಿ ನಿಂತಿರುವುದು ಆ ಒಂದು ಕಟ್ಟಳೆಯ ಮೇಲೆ. ಯಕ್ಷನೊಬ್ಬ ಲೇಖನಿ ಹಿಡಿದು ಬರೆಯಹೋದರೆ ಪುಡಿಪುಡಿಯಾಗಿ ಉದುರಿಹೋಗುತ್ತಾನೆ. ಅಡುಗೆ, ಹೊಲಿಗೆ, ನೇಯ್ಗೆ, ಬರವಣಿಗೆ, ಚಿತ್ರ, ಯಾವುದೂ ಅವರ ಕೈಗೆ ಒಲಿಯದು. ಆದರೆ ಅವೆಲ್ಲವೂ ಅವರಿಗೆ ಬೇಕು. ಹೀಗಾಗಿ ಅವರು ಮನುಷ್ಯರ ಬಾಗಿಲಿಗೆ ಬರುತ್ತಾರೆ. ಲೇಖಕಿ ಇದಕ್ಕೆ ‘ಕ್ರಾಫ್ಟ್’ ಎಂಬ ಪದವನ್ನು ಬಳಸಿದ್ದಾರೆ. ಕಲೆ ಎಂದು ಅನುವಾದಿಸಿದರೆ ರೊಟ್ಟಿ ಬಡಿಯುವವಳೂ ಅಂಗಿ ಹೊಲಿಯುವವನೂ ಹೊರಗುಳಿಯುತ್ತಾರೆ. ಕಸುಬು ಎಂದರೆ ಸರಿಹೋಗುತ್ತದೆ, ಏಕೆಂದರೆ ಈ ಪುಸ್ತಕ ಚಿತ್ರ ಬರೆಯುವವಳನ್ನೂ ಒಲೆಯ ಮುಂದಿನವಳನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ.

ಮೊದಲ ಪುಟದಲ್ಲೇ ಅಗಸೆ ಎಣ್ಣೆಯ ವಾಸನೆ ಬರುತ್ತದೆ. ಗ್ಯಾಡ್‌ಫ್ಲೈ ಎಂಬ ಯಕ್ಷ ಗಿರಾಕಿಯ ರೇಷ್ಮೆ ಅಂಗಿಯ ಹಳದಿ ಬಣ್ಣವನ್ನು ಸರಿಯಾಗಿ ಹೊಂದಿಸಲು ಇಸೊಬೆಲ್ ಹೆಣಗುವುದನ್ನು ಓದುತ್ತಿದ್ದಂತೆ ನನಗೆ ತವರಿನ ಚಿತ್ರಗಾರರ ಓಣಿ ಕಣ್ಮುಂದೆ ಬಂತು. ನೆನೆಸಿದ ಗೋಣಿ ನಾರನ್ನು ಒಣಗಿಸಿ ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುವುದು, ಅದರಿಂದ ಹಗುರ ಮರದ ತುಂಡುಗಳನ್ನು ಕೂಡಿಸುವುದು, ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಮೂರ್ತಿಯ ಮೇಲೆ ಒಡವೆಗಳನ್ನು ಉಬ್ಬಿಸುವುದು, ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುವುದು. ಕಣ್ಣು ಬರೆಯುವ ಹೊತ್ತಿಗೆ ಮಕ್ಕಳಾದ ನಮ್ಮನ್ನು ಹೊರಗೆ ಕಳುಹಿಸುತ್ತಿದ್ದರು, ಕೈ ಅಲುಗಿದರೆ ಅಷ್ಟೂ ದಿನದ ಕೆಲಸ ಹೋಯಿತೆಂದು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯ ಚಿತ್ರಗಳನ್ನು ಬರೆದವರು ಈ ಮನೆತನಗಳ ಹಿರಿಯರೆಂಬ ಪ್ರತೀತಿ ನಮ್ಮಲ್ಲಿದೆ. ಅಂಥ ಓಣಿಯಲ್ಲಿ ಬೆಳೆದವಳಿಗೆ, ಚಿತ್ರಕಾರ್ತಿಯ ಕೈ, ಬೆನ್ನು, ಕಣ್ಣಿನ ದಣಿವನ್ನು ಬಲ್ಲ ಕಾದಂಬರಿ ಕೂಡಲೇ ಹತ್ತಿರವಾಗುತ್ತದೆ. ಚಿತ್ರ ಬರೆಯುವವರನ್ನು ಸ್ಫೂರ್ತಿ ಬಂದಾಗ ಮಾತ್ರ ಕುಂಚ ಹಿಡಿಯುವವರೆಂದು ತೋರಿಸುವ ಕಥೆಗಳೇ ಹೆಚ್ಚು. ಇಸೊಬೆಲ್ ದುಡಿದು ಮನೆ ನಡೆಸುವವಳು.

ಅವಳಿಗೆ ಸಿಗುವ ಕೂಲಿಯೂ ಸ್ವಾರಸ್ಯದ್ದು. ಯಕ್ಷರು ಹಣ ಕೊಡುವುದಿಲ್ಲ, ಮಾಯೆ ಕೊಡುತ್ತಾರೆ, ಆ ಮಾಯೆ ಎಲ್ಲಿಯೋ ಒಂದು ಕಡೆ ಕಚ್ಚುತ್ತದೆ. ಆದುದರಿಂದ ಇಸೊಬೆಲ್ ಚೆಲುವನ್ನೋ ಐಶ್ವರ್ಯವನ್ನೋ ಕೇಳದೆ, ಕೋಳಿಗಳು ತಪ್ಪದೆ ಮೊಟ್ಟೆ ಇಡಲಿ ಎಂಬಂಥದನ್ನು, ಎಲ್ಲಿಯೂ ಸಂದು ಉಳಿಯದಂತೆ ಕರಾರುಪತ್ರದ ಮಾತಿನಲ್ಲಿ ಬೇಡುತ್ತಾಳೆ. ಹದಿನೇಳರ ಹುಡುಗಿಯ ಜಾಣತನವನ್ನು ಇಷ್ಟು ಸರಳವಾಗಿ, ಇಷ್ಟು ನಂಬುವಂತೆ ತೋರಿಸಿದ ಪುಟಗಳು ಈ ಬಗೆಯ ಬರಹದಲ್ಲಿ ಅಪರೂಪವೆಂದೇ ನನ್ನ ಭಾವನೆ.

ಯಕ್ಷರಲ್ಲಿ ಋತುವಿಗೊಂದು ಆಸ್ಥಾನ; ಅವುಗಳಲ್ಲಿ ಶರತ್ಕಾಲದ ರಾಜಕುಮಾರನಾದ ರೂಕ್ ಚಿತ್ರ ಬರೆಸಿಕೊಳ್ಳಲು ಬಂದ ಮೇಲೆ ಕಥೆಗೆ ವೇಗ ಸಿಗುತ್ತದೆ. ಎಷ್ಟು ಬರೆದರೂ ಅವನ ಮುಖ ಸರಿಬರುವುದಿಲ್ಲ. ಕೊನೆಗೆ ಅವನ ಕಣ್ಣಿನಲ್ಲಿ ಮನುಷ್ಯರದ್ದೇ ಆದ ಒಂದು ದುಃಖವಿರುವುದನ್ನು ಇಸೊಬೆಲ್ ಕಾಣುತ್ತಾಳೆ, ಕಂಡದ್ದನ್ನು ಹಾಗೆಯೇ ಬರೆದುಬಿಡುತ್ತಾಳೆ. ಯಕ್ಷರ ಲೋಕದಲ್ಲಿ ದುಃಖವೆಂದರೆ ದೌರ್ಬಲ್ಯ, ದೌರ್ಬಲ್ಯವೆಂದರೆ ಸಿಂಹಾಸನಕ್ಕೇ ಕುತ್ತು. ತುಂಬಿದ ಆಸ್ಥಾನದೆದುರು ಚಿತ್ರದ ಮುಸುಕು ತೆಗೆದು ಅವಮಾನಕ್ಕೀಡಾದ ರೂಕ್, ಅವಳನ್ನು ವಿಚಾರಣೆಗೆ ನಿಲ್ಲಿಸಲು ಮನೆಯಿಂದ ಎಳೆದೊಯ್ಯುತ್ತಾನೆ. ಇಬ್ಬರ ನಡುವಿನ ಎಲ್ಲವೂ ಹುಟ್ಟುವುದು ಅವಳು ಅವನ ಮುಖವನ್ನು ಕಸುಬುದಾರಳ ಕಣ್ಣಿನಿಂದ ದಿನಗಟ್ಟಲೆ ನೋಡಿದ್ದರಿಂದ. ಮೊದಲ ನೋಟದ ಪ್ರೇಮಕ್ಕಿಂತ ಇದು ಎಷ್ಟೋ ಗಟ್ಟಿಯಾದ ಬುನಾದಿ.

ಆದರೆ ಆ ಬುನಾದಿಯ ಮೇಲೆ ಲೇಖಕಿ ಅವಸರದಲ್ಲಿ ಗೋಡೆ ಎಬ್ಬಿಸಿದ್ದಾರೆ ಎಂಬುದು ನನ್ನ ಮುಖ್ಯ ತಕರಾರು. ಚಿತ್ರ ಬರೆಯುವ ದಿನಗಳು ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆ. ಮುಂದಿನ ಕಾಡಿನ ಪಯಣ ಬೆನ್ನಟ್ಟುವ ಬೇಟೆಗಾರರಿಂದ, ಹೆಣಗಳೇ ಸೇರಿ ಎದ್ದ ಭೀಕರ ಪ್ರಾಣಿಯಿಂದ ತುಂಬಿಕೊಂಡು, ಕುಂಚ ಕೈಯಲ್ಲಿಲ್ಲದ ಇಸೊಬೆಲ್ ಕೆಲವು ಕಡೆ ಸಾಮಾನ್ಯ ಸಾಹಸಕಥೆಯ ನಾಯಕಿಯಾಗಿಬಿಡುತ್ತಾಳೆ. ವಸಂತದ ಆಸ್ಥಾನದಲ್ಲಿ ಅವಳು ಮತ್ತೆ ಚಿತ್ರ ಬರೆಯಲು ಕೂತಾಗ ಬರವಣಿಗೆಗೂ ಜೀವ ಮರಳುವುದನ್ನು ನೋಡಿದರೆ ಲೇಖಕಿಯ ಶಕ್ತಿ ಎಲ್ಲಿದೆಯೆಂದು ತಿಳಿಯುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ನೂರಾರು ವರ್ಷ ಬಾಳಿದ ಗಂಡು ಹದಿನೇಳರ ಹುಡುಗಿಯನ್ನು ಬಲವಂತವಾಗಿ ಒಯ್ಯುವುದು ಪ್ರೀತಿಯ ಪೀಠಿಕೆಯಾಗಬಾರದು. ಇಸೊಬೆಲ್ ಸಿಟ್ಟಾಗುತ್ತಾಳೆ, ವಾದಿಸುತ್ತಾಳೆ ನಿಜ, ಆದರೂ ಆ ಸಿಟ್ಟು ಕರಗುವ ದಾರಿ ಇನ್ನಷ್ಟು ಉದ್ದವಿರಬೇಕಿತ್ತು. ಮಗಳಿಗೆ ಈ ಪುಸ್ತಕ ಕೊಡುವ ತಾಯಿ ಆ ಅಧ್ಯಾಯದ ಬಗ್ಗೆ ಅವಳೊಂದಿಗೆ ಕುಳಿತು ಮಾತನಾಡುವುದು ಒಳ್ಳೆಯದು.

ಹೆಸರಿನ ವಿಷಯ ನನ್ನನ್ನು ಬಹಳ ಹಿಡಿಯಿತು. ನಿಜನಾಮ ತಿಳಿದವರ ಕೈಗೆ ಮನಸ್ಸಿನ ಕೀಲಿಯೇ ಸಿಕ್ಕಂತಾಗುವುದರಿಂದ ವಿಮ್ಸಿಯವರು ಕರೆಯುವ ಹೆಸರನ್ನು ಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಇಸೊಬೆಲ್ ಎಂಬುದೂ ಅಂಥದೇ ಹೊರಗಿನ ಹೆಸರು. ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಕಟ್ಟಿ ಹೇಳುವ ಹೆಂಗಸರ ನಡುವೆ ಬೆಳೆದ ನಮಗೆ, ಹೆಸರು ಹೇಳುವುದೆಂದರೆ ತನ್ನನ್ನು ಒಪ್ಪಿಸಿದಂತೆ ಎಂಬ ಭಾವವನ್ನು ಯಾರೂ ವಿವರಿಸಬೇಕಿಲ್ಲ.

ಮನುಷ್ಯರೂ ಯಕ್ಷರೂ ಪ್ರೀತಿಸಿದರೆ ಇಬ್ಬರಿಗೂ ಮರಣವೆಂಬುದು ಅಲ್ಲಿಯ ಕಾನೂನು. ಪಾರಾಗಲು ಒಂದೇ ದಾರಿ: ಹಸಿರು ಬಾವಿಯ ನೀರು ಕುಡಿದು ಮನುಷ್ಯರು ಯಕ್ಷರಾಗಬೇಕು. ಶತಪಥ ಬ್ರಾಹ್ಮಣವೆಂಬ ವೈದಿಕ ಗ್ರಂಥದ ಪುರೂರವ ಊರ್ವಶಿಗಾಗಿ ಅಗ್ನಿಯಲ್ಲಿ ಹೋಮ ಮಾಡಿ ಗಂಧರ್ವನಾದಾಗ ಅದು ಅವನಿಗೆ ದಕ್ಕಿದ ವರ. ಇಲ್ಲಿ ಅದೇ ಬದಲಾವಣೆ ಶಿಕ್ಷೆ. ಆಸ್ಟರ್ ಎಂಬವಳು ಹಿಂದೆ ಮನುಷ್ಯಳಾಗಿದ್ದು, ಲೇಖಕಿಯಾಗಿದ್ದು, ಆ ನೀರು ಕುಡಿದವಳು. ಈಗ ಅವಳಿಗೆ ಸಾವಿಲ್ಲ, ಬರೆಯಲು ಒಂದು ಸಾಲೂ ಇಲ್ಲ. ಅವಳು ಬರುವ ಪುಟಗಳು ಹೆಚ್ಚಿಲ್ಲ, ಆದರೆ ಪುಸ್ತಕವಿಡೀ ನನ್ನ ಮನಸ್ಸಿನಲ್ಲಿ ಉಳಿದದ್ದು ರೂಕ್‌ಗಿಂತ ಹೆಚ್ಚಾಗಿ ಅವಳೇ. ಪ್ರೀತಿ ಬೇಕೇ, ಕೈಯ ಕಸುಬು ಬೇಕೇ ಎಂಬ ಪ್ರಶ್ನೆಯನ್ನು ಹದಿಹರೆಯದ ಹುಡುಗಿಯೊಬ್ಬಳ ಎದುರು ಇಷ್ಟು ನೇರವಾಗಿ ಇಟ್ಟದ್ದಕ್ಕೆ ಲೇಖಕಿಯ ಬಗ್ಗೆ ನನಗೆ ಗೌರವವಿದೆ. ಇಸೊಬೆಲ್ ಏನು ಆರಿಸಿಕೊಂಡಳೆಂದು ಇಲ್ಲಿ ಹೇಳುವುದಿಲ್ಲ. ಕಥೆ ಇದೊಂದೇ ಸಂಪುಟದಲ್ಲಿ ಮುಗಿಯುತ್ತದೆ.

ಇಂಗ್ಲಿಷ್ ಸುಲಭವಾದುದಲ್ಲ. ಬಣ್ಣಗಳ, ಗಿಡಮರಗಳ ಹೆಸರುಗಳಿಗೆ ನಾನು ಪದೇ ಪದೇ ನಿಘಂಟು ನೋಡಬೇಕಾಯಿತು. ಎಲೆಗಳೆಲ್ಲ ಕೆಂಪಾಗುವ ಶರತ್ಕಾಲವಂತೂ ನಮ್ಮ ಸೀಮೆಯವರಿಗೆ ಊಹೆಯ ವಸ್ತು. ನಮ್ಮ ಕಡೆ ಬೇವು ಎಲೆ ಉದುರಿಸುವುದು ಚಳಿ ಹಿಂದೆಗೆಯುವ ಹೊತ್ತಿಗೆ, ಅದೂ ಹಳದಿಯಾಗಿ. ಆದರೂ ಬೇಸಿಗೆಯೊಂದನ್ನೇ ಕಂಡು ಬೇಸತ್ತ ಹುಡುಗಿ ಬೇರೊಂದು ಋತುವಿಗಾಗಿ ಹಂಬಲಿಸುವುದನ್ನು ಕೊಪ್ಪಳದ ಮೇ ತಿಂಗಳಲ್ಲಿ ಮಳೆಗೆ ಕಾದವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಪ್ರೀತಿಯ ಪ್ರಸಂಗಗಳಲ್ಲಿ ಸಂಯಮವಿದೆ. ಭೀಕರ ದೃಶ್ಯಗಳ ಕಾರಣದಿಂದ ಹದಿನೈದು ದಾಟಿದವರಿಗೆ ಕೊಡಬಹುದು.

ಅಣ್ಣನ ಮಗಳು ಪುಸ್ತಕವನ್ನು ಬಳ್ಳಾರಿಗೆ ಮರಳಿ ಒಯ್ಯಲಿಲ್ಲ. ಕಿನ್ನಾಳದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಪದವಿ ಓದುತ್ತಲೇ ತಂದೆಯ ಜೊತೆ ಮೂರ್ತಿಗಳಿಗೆ ಬಣ್ಣ ಹಾಕುವ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಕೊಟ್ಟು ಹೋಗಿದ್ದಾಳೆ. ರೂಕ್‌ನ ಕಣ್ಣು ಬರೆಯುವ ಅಧ್ಯಾಯವನ್ನು ಅವಳು ತನ್ನ ತಂದೆಗೆ ಕನ್ನಡದಲ್ಲಿ ಹೇಳುತ್ತಾ ಹೋದಳಂತೆ, ಅವರು ಕೆಲಸ ನಿಲ್ಲಿಸಿ ಕೇಳಿದರಂತೆ.