ಹಿಜ್ಕೀಯನ ಸುರಂಗ: ಟಿಕೆಟ್ ದುಡ್ಡಿಗೆ ಮೋಸ ಇಲ್ಲ, ಆದರೆ ರಾಜನ ಕತೆ ಅರ್ಧ ಮಾತ್ರ

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ನಾಲ್ಕು. ಬುಗ್ಗೆಯ ನೀರನ್ನು ಪಟ್ಟಣದೊಳಕ್ಕೆ ತರೋಕೆ ಯೆಹೂದ ರಾಜ್ಯದ ದೊರೆ ಹಿಜ್ಕೀಯ ಸುಮಾರು 2,700 ವರ್ಷದ ಹಿಂದೆ ಬಂಡೆಯಲ್ಲಿ ಕೊರೆಸಿದ ಅನ್ನುವ ಸುರಂಗ ಇದು. ಯೆರೂಸಲೇಮಿನಲ್ಲಿ ಅರ್ಧ ದಿನ ಬಿಡುವು ಸಿಕ್ಕಿದರೆ, ಮಂಡಿ ಗಟ್ಟಿ ಇದ್ದರೆ, ಕತ್ತಲಿಗೆ ಹೆದರದಿದ್ದರೆ ಕಣ್ಣುಮುಚ್ಚಿ ಹೋಗಿ. ನಾನು ಹೋದ ಪ್ಯಾಕೇಜಿನಲ್ಲಿ ಇದು ಇರಲೇ ಇಲ್ಲ. ಕೇಳಿದರೆ "ಅಲ್ಲೇನಿದೆ, ಬರೀ ನೀರು, ಬಟ್ಟೆ ಒದ್ದೆ ಆಗುತ್ತೆ" ಅಂದರು. ಬಟ್ಟೆ ಒದ್ದೆ ಆಗುವುದೇನೋ ನಿಜ.

ಜಾಗ ಇರುವುದು ಹಳೇ ಪಟ್ಟಣದ ದಕ್ಷಿಣಕ್ಕೆ, ಡಂಗ್ ಗೇಟ್ ದಾಟಿದರೆ ಹತ್ತಿರವೇ. 'ದಾವೀದನ ಪಟ್ಟಣ' ಅಂತ ಬೋರ್ಡ್ ಇರುತ್ತದೆ. ಟಿಕೆಟ್ ತೊಗೊಂಡು ಮೆಟ್ಟಿಲು ಇಳಿಯುತ್ತಾ ಹೋದರೆ ಕೆಳಗೆ ಗೀಹೋನ್ ಬುಗ್ಗೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಒಣಗಿದ ಹಳೇ ಕಾಲುವೆ, ಲೈಟ್ ಹಾಕಿದ್ದಾರೆ, ಆರಾಮಾಗಿ ಹೋಗಬಹುದು. ಇನ್ನೊಂದು ಹಿಜ್ಕೀಯನದ್ದು, ಅದರಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಲೈಟ್ ಇಲ್ಲ. ಒಣ ದಾರಿಗೆ ಹೋಗುವುದಾದರೆ ಇಷ್ಟು ದೂರ ಬರಬೇಕಾಗಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಉದ್ದ ಸುಮಾರು 533 ಮೀಟರ್. ಮೊದಲ ಕೆಲವು ಹೆಜ್ಜೆಗಳಲ್ಲಿ ನೀರು ತೊಡೆ ತನಕ ಬರುತ್ತದೆ, ಆಮೇಲೆ ಇಳಿಯುತ್ತದೆ. ತಣ್ಣಗಿರುತ್ತದೆ. ಕೆಲವು ಕಡೆ ಭುಜ ಎರಡೂ ಬದಿಗೆ ತಾಗುತ್ತದೆ, ಕೆಲವು ಕಡೆ ತಲೆ ಬಗ್ಗಿಸಲೇಬೇಕು, ಕೊನೆಗೆ ಬರುವಷ್ಟರಲ್ಲಿ ಛಾವಣಿ ಐದು ಮೀಟರ್ ಎತ್ತರಕ್ಕೆ ಹೋಗಿಬಿಡುತ್ತದೆ, ಟಾರ್ಚ್ ಮೇಲಕ್ಕೆ ಹಿಡಿದು ನೋಡಿ. ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯೊಳಗೆ ಆಚೆ ಬರಬಹುದು. ಆದರೆ ನಿಲ್ಲಬೇಕು. ಗೋಡೆಯ ಮೇಲೆ ಉಳಿ ಏಟಿನ ಗುರುತುಗಳು ಹಾಗೇ ಇವೆ. ಅರ್ಧ ದಾರಿ ದಾಟುವ ತನಕ ಅವು ಒಂದು ಕಡೆಗೆ ವಾಲಿರುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ. ಅಲ್ಲೇ ಎರಡು ತಂಡಗಳು ಸೇರಿದ್ದು. ಒಬ್ಬರು ಬುಗ್ಗೆ ಕಡೆಯಿಂದ, ಇನ್ನೊಬ್ಬರು ಆಚೆ ತುದಿಯ ಸಿಲೋವ ಕೊಳದ ಕಡೆಯಿಂದ ಅಗೆಯುತ್ತಾ ಬಂದು ಬಂಡೆಯ ಹೊಟ್ಟೆಯಲ್ಲಿ ಕೂಡಿಕೊಂಡರು. ಆ ಜಾಗದ ಹತ್ತಿರ ದಾರಿ ಅತ್ತಿತ್ತ ಹುಡುಕಾಡಿದೆ, ತಪ್ಪಾಗಿ ಅಗೆದು ಬಿಟ್ಟ ಗೂಡುಗಳೂ ಕಾಣುತ್ತವೆ. ನಮ್ಮ ಬೀದರಿನ ನೌಬಾದ್ ಕರೇಜಿನಲ್ಲಿ, ಅಂದರೆ ನೆಲದಡಿಯ ಹಳೇ ನೀರಿನ ಕಾಲುವೆಯಲ್ಲಿ, ಮೇಲಿಂದ ಸಾಲಾಗಿ ಬಾವಿ ಇಳಿಸಿದ್ದಾರೆ, ದಿಕ್ಕು ತಪ್ಪುವ ಭಯ ಕಡಿಮೆ. ಇಲ್ಲಿ ಹಾಗೆ ಸಾಲು ಬಾವಿಗಳಿಲ್ಲ. ಅಷ್ಟಾದರೂ ಎರಡು ತುದಿಗಳ ಮಟ್ಟದಲ್ಲಿ ವ್ಯತ್ಯಾಸ ಸುಮಾರು 30 ಸೆಂಟಿಮೀಟರ್ ಮಾತ್ರ! ಹೇಗೆ ಸಾಧಿಸಿದರು ಅಂತ ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ.

ಆಚೆ ಬಾಗಿಲು ಹತ್ತಿರವಾದಾಗ ಗೋಡೆಯಲ್ಲಿ ಒಂದು ಶಾಸನದ ಪ್ರತಿ ಇದೆ. ಅಸಲಿ ಸಿಕ್ಕಿದ್ದು 1880ರಲ್ಲಿ, ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ, ಯಾಕಂದ್ರೆ ಆಗ ಇದು ತುರ್ಕರ ಆಳ್ವಿಕೆ. ನನಗೆ ಇಡೀ ಜಾಗದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಇನ್ನು ಮೂರು ಮೊಳ ಬಂಡೆ ಉಳಿದಿದ್ದಾಗ ಆ ಕಡೆಯವನು ಈ ಕಡೆಯವನನ್ನು ಕೂಗಿ ಕರೆದದ್ದು ಕೇಳಿಸಿತು, ಗುದ್ದಲಿಗೆ ಗುದ್ದಲಿ ಎದುರಾಯಿತು, ನೀರು ಹರಿಯಿತು ಅಂತ ಬರೆದಿದ್ದಾರೆ. ರಾಜನ ಹೆಸರಿಲ್ಲ. ದೇವರ ಹೆಸರೂ ಇಲ್ಲ! ಬಂಡೆ ಒಡೆದವರ ಮಾತಷ್ಟೇ.

ಹಾಗಾದರೆ ಹಿಜ್ಕೀಯನದ್ದೇ ಅಂತ ಹೇಗೆ ಗೊತ್ತು? ಅವನು ಕೊಳ, ಕಾಲುವೆ ಮಾಡಿಸಿ ಪಟ್ಟಣಕ್ಕೆ ನೀರು ತಂದ ಅಂತ ಬೈಬಲ್‌ನಲ್ಲಿದೆ. ಗಾರೆಯೊಳಗೆ ಸಿಕ್ಕಿಕೊಂಡ ಗಿಡದ ಚೂರುಗಳ ವಯಸ್ಸು ಪರೀಕ್ಷಿಸಿದಾಗಲೂ ಕ್ರಿಸ್ತಪೂರ್ವ 700ರ ಆಸುಪಾಸು ಬಂತು, 2003ರಲ್ಲಿ ಪ್ರಕಟವಾಯಿತು.

ಈಗ ಕಳೆದ ಒಂದು ಅಂಕದ ವಿಷಯ. ನಮ್ಮ ಜೊತೆ ಬಂದ ಗೈಡ್ ಹಿಜ್ಕೀಯನನ್ನು ಬರೀ ಹೀರೋ ಮಾಡಿ ಮುಗಿಸಿದರು. ಇಪ್ಪತ್ತೈದನೇ ವಯಸ್ಸಿಗೆ ಪಟ್ಟಕ್ಕೆ ಬಂದ, 29 ವರ್ಷ ಆಳಿದ, ಜನ ಧೂಪ ಹಾಕುತ್ತಿದ್ದ ಮೋಶೆಯ ತಾಮ್ರದ ಸರ್ಪವನ್ನೇ ಒಡೆಸಿದ, ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದ ಅಶ್ಶೂರ ಸಾಮ್ರಾಜ್ಯದ 1,85,000 ಸೈನಿಕರನ್ನು ದೇವದೂತ ಬಂದು ಒಂದೇ ರಾತ್ರಿಯಲ್ಲಿ ಕೊಂದ. ಸರಿ, ಬೈಬಲ್‌ನಲ್ಲಿ ಹಾಗಿದೆ. ಆದರೆ ಅದೇ ಬೈಬಲ್‌ನಲ್ಲಿ ಅವನು ದೇವಾಲಯದ ಬಾಗಿಲಿನ ಚಿನ್ನ ಕೀಳಿಸಿ ಅಶ್ಶೂರದ ದೊರೆಗೆ ಕಪ್ಪ ಕಟ್ಟಿದ್ದೂ ಇದೆ, ತಪ್ಪಾಯಿತು ಅಂತ ಹೇಳಿಕಳಿಸಿದ್ದೂ ಇದೆ. ಅಶ್ಶೂರದ ದೊರೆ ಸಾರ್ಗೋನ್ ಕ್ರಿಸ್ತಪೂರ್ವ 705ರಲ್ಲಿ ಸತ್ತಾಗ ಹಿಜ್ಕೀಯ ಕಪ್ಪ ನಿಲ್ಲಿಸಿದ. ಸಾರ್ಗೋನನ ಮಗ ಸನ್ಹೇರೀಬ ಕ್ರಿಸ್ತಪೂರ್ವ 701ರಲ್ಲಿ ದಂಡೆತ್ತಿ ಬಂದ. 46 ಊರು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿ ಥರ ಕೂಡಿಹಾಕಿದೆ ಅಂತ ಸನ್ಹೇರೀಬ ತನ್ನ ಶಾಸನದಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ. ಯೆರೂಸಲೇಮನ್ನು ಗೆದ್ದೆ ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ. ರಾಜಧಾನಿ ಉಳಿಯಿತು, ಹಿಜ್ಕೀಯನ ರಾಜ್ಯದ ಲಾಕೀಷಿನಂಥ ಊರುಗಳು ನೆಲಸಮವಾದವು. ಸುರಂಗದ ನೀರು ಆ ಊರುಗಳಿಗೇನೂ ತಲುಪಲಿಲ್ಲ, ಅಲ್ವಾ? ಹೀಗೆ ಹೇಳಿದರೆ ಅವನ ಕೆಲಸದ ಬೆಲೆ ಕಡಿಮೆ ಆಗಲ್ಲ. ಶತ್ರುವಿಗೆ ನೀರು ಸಿಗಬಾರದು, ತನ್ನವರಿಗೆ ಸಿಗಬೇಕು ಅಂತ ಯೋಚನೆ ಮಾಡಿದ ಹೆದರಿದ ರಾಜ ನನಗೆ ಆ ಹೀರೋಗಿಂತ ಹೆಚ್ಚು ಇಷ್ಟ.

ಇನ್ನೊಂದು ಮಾತು, ಈ ಜಾಗ ಪೂರ್ವ ಯೆರೂಸಲೇಮಿನ ಸಿಲ್ವಾನ್‌ನಲ್ಲಿದೆ. ಸುತ್ತಮುತ್ತ ಪ್ಯಾಲೆಸ್ಟೀನಿಯರ ಮನೆಗಳು. ನೋಡಿಕೊಳ್ಳುವುದು ಎಲಾದ್ ಅನ್ನುವ ಸಂಸ್ಥೆ, ಯಹೂದಿ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸುವುದೂ ಅದರ ಕೆಲಸ. ಇದರ ಬಗ್ಗೆ ದೊಡ್ಡ ತಕರಾರು ಇದೆ. ತಿಳಿದುಕೊಂಡು ಹೋಗಿ.

ಹೋಗುವವರಿಗೆ: ಶನಿವಾರ ರಜೆ, ಶುಕ್ರವಾರ ಬೇಗ ಮುಚ್ಚುತ್ತಾರೆ. ನೀರಿಗೆ ಆಗುವ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು, ಹವಾಯಿ ಚಪ್ಪಲಿ ಕಾಲಿಂದ ಜಾರಿ ಹೋಗುತ್ತದೆ. ಟಾರ್ಚ್ ಬೇಕೇ ಬೇಕು, ಫೋನ್ ನಂಬಬೇಡಿ. ತೀರಾ ಚಿಕ್ಕ ಮಕ್ಕಳು ಬೇಡ. ಇಕ್ಕಟ್ಟು ಅಂದ್ರೆ ಭಯ ಇರುವವರು ಒಣ ಕಾಲುವೆಗೆ ಹೋಗಿ, ಮಧ್ಯದಲ್ಲಿ ತಿರುಗಿ ಬರೋಕೆ ಹಿಂದಿನವರಿಗೆ ಜಾಗ ಬಿಡಲು ಆಗಲ್ಲ. ಸಮಯ ಉಳಿದರೆ ಹಳೇ ಪಟ್ಟಣದ ಯಹೂದಿ ಕೇರಿಯಲ್ಲಿ ಅದೇ ಕಾಲದ್ದು ಅನ್ನುವ ಗೋಡೆಯ ತುಂಡು ನೋಡಿ, ದಪ್ಪ ಏಳು ಮೀಟರ್, ಬೀದಿಯಲ್ಲೇ ನಿಂತು ನೋಡಬಹುದು. ಲಂಡನ್‌ನಲ್ಲಿ ಇರುವವರಿಗೆ ಇನ್ನೂ ಸುಲಭ, ಲಾಕೀಷ್ ಬಿದ್ದ ಕತೆಯ ಕಲ್ಲಿನ ಕೆತ್ತನೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ನೋಡೋಕೆ ದುಡ್ಡಿಲ್ಲ. ಗೈಡ್ ಹೇಳದೆ ಬಿಟ್ಟ ಅರ್ಧ ಅಲ್ಲಿದೆ.