ಜೂನಾ ಬಾಜಾರದಲ್ಲಿ ಕನ್ನಡ ಕೇಳಿ ಕರಗಬೇಡಿ: 3,200 ರೂಪಾಯಿಯ ಶೇವಿಂಗ್ ಸೋಪಿನ ಕಥೆ

ಬರೆಯಬಾರದು ಅಂತಲೇ ಇದ್ದೆ. ಐವತ್ತು ದಾಟಿದ ಗಂಡಸು ಸೋಪು ಕೊಳ್ಳೋಕೆ ಹೋಗಿ ಟೋಪಿ ಹಾಕಿಸಿಕೊಂಡ ಅಂದರೆ ಯಾರೂ ಅಯ್ಯೋ ಅನ್ನೋದಿಲ್ಲ, ನಗ್ತಾರೆ. ನಗಲಿ. ಆದರೆ ನಿನ್ನೆ ಸಂಜೆ ನಮ್ಮ ಸೊಸೈಟಿಯ ವಿಜಯಪುರದ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಕಾಕಾ, ನಿಮಗ ಈ ಹಳೇ ಶೇವಿಂಗ್ ಸಾಮಾನ ಗೊತ್ತಾಗ್ತಾವಲ್ಲ, ಇದನ್ನ ತಗೋಬಹುದೇನ್ರಿ?" ಅಂದ. ನೋಡ್ತೀನಿ, ಅದೇ ಕಟ್ಟಿಗೆ ಬಟ್ಟಲು. ಅದೇ ನೀಲಿ ಟವೆಲ್ ಮೇಲಿಟ್ಟು ತೆಗೆದ ಫೋಟೋ. ಕೆಳಗೆ ಅದೇ ಮಾತು, "ನಮ್ಮ ಕಡೆಯವ್ರು ಅಂತ ಕೊಡಾಕತ್ತೀನ್ರಿ." ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಬರೀತಿದ್ದೇನೆ.

ಪುಣೆಯಲ್ಲಿ ಇರೋರಿಗೆ ಮಂಗಳವಾರ ಪೇಠೆಯ ಜೂನಾ ಬಾಜಾರ ಹೊಸದಾಗಿ ಹೇಳಬೇಕಿಲ್ಲ. ಭಾನುವಾರ, ಬುಧವಾರ. ತಾಮ್ರದ ಹಂಡೆ, ಕೀಲಿ ಇಲ್ಲದ ಬೀಗ, ಕೆಟ್ಟ ರೇಡಿಯೋ, ನಾಣ್ಯ. ಹದಿನೆಂಟು ವರ್ಷದಿಂದ ಹೋಗ್ತಿದ್ದೇನೆ. ಎರಡು ಹಳೇ ರೇಜರ್, ಒಂದು ಹಿತ್ತಾಳೆ ಕನ್ನಡಿ ಸ್ಟ್ಯಾಂಡು ಅಲ್ಲೇ ತಂದದ್ದು. ಸಾವಿರ ಅಂದದ್ದನ್ನು ನಾನೂರಕ್ಕೆ ಇಳಿಸಿ ತಂದಿದ್ದೇನೆ. ಮರಾಠಿಯಲ್ಲಿ ನನಗೆ ಯಾರೂ ಮೋಸ ಮಾಡಿಲ್ಲ. ಕನ್ನಡದಲ್ಲಿ ಮಾಡಿದರು.

ಆ ಭಾನುವಾರ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತ ನಡೀತಿದ್ದೆ. ಫೋನ್ ಇಟ್ಟ ಕೂಡಲೇ ಪಕ್ಕದಿಂದ, "ಸರ, ಧಾರವಾಡದವ್ರೇನ್ರಿ? ನಾ ಗದಗ ಕಡಿಯಾಂವ್ರಿ." ಅಲ್ಲೇ ಕರಗಿಬಿಟ್ಟೆ. ಮಳೆ, ಬೆಳೆ, ಮಿರ್ಚಿ ಭಜಿ, ಎಲ್ಲ ಮಾತಾಯಿತು. ಏನು ಹುಡುಕ್ತೀರಿ ಅಂದ. ಹಳೇ ಶೇವಿಂಗ್ ಸೋಪು ಅಂತ ನಾನೇ ಬಾಯಿಬಿಟ್ಟೆ. ಮೊದಲನೇ ತಪ್ಪು. ಬೇಕಾದದ್ದನ್ನು ನಾವೇ ಹೇಳಿದ ಮೇಲೆ ಅದು ಅವನ ಹತ್ತಿರ ಇಲ್ಲದೆ ಇರುತ್ತದೆಯೇ? "ಮನ್ಯಾಗ ಐತ್ರಿ, ಬುಧವಾರ ತರ್ತೀನಿ" ಅಂದ. ಫೋಟೋ ರಾತ್ರಿಯೇ ಬಂತು.

ಈ ಹುಚ್ಚು ಯಾಕೆ ಅಂತ ಕೇಳೋರಿಗೆ ಒಂದು ಮಾತು. ನಮ್ಮಪ್ಪ ಗೋದ್ರೆಜ್ ಶೇವಿಂಗ್ ರೌಂಡನ್ನು ಸ್ಟೀಲ್ ಬಟ್ಟಲಲ್ಲಿಟ್ಟು ಬ್ರಶ್ಶಿನಿಂದ ಐದು ನಿಮಿಷ ತಿಕ್ಕುತ್ತಿದ್ದರು. ಆ ಸದ್ದು ಕಿವಿಯಲ್ಲಿದೆ. ಇಂಗ್ಲೆಂಡು, ಅಮೆರಿಕಾದ ಹಳೇ ಸೋಪುಗಳದು ಇನ್ನೊಂದು ಗತ್ತು: ದನ, ಕುರಿಯ ಕೊಬ್ಬಿನಿಂದ ಮಾಡಿದ್ದು, ನೊರೆ ಮೊಸರಿನ ಹಾಗೆ ಗಟ್ಟಿ. ಸ್ನಾನದ ಸೋಪಿಗೆ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಒಂದೇ ಸಾಕು. ಶೇವಿಂಗ್ ಸೋಪಿಗೆ ಕಾಸ್ಟಿಕ್ ಪೊಟ್ಯಾಶ್ ಬೇಕು, ಸ್ಟಿಯರಿಕ್ ಆಮ್ಲ ಹೆಚ್ಚು ಬೇಕು, ಅದಕ್ಕೇ ನೊರೆ ಕೂತುಕೊಳ್ಳುತ್ತದೆ, ಇಳಿಯೋದಿಲ್ಲ. (ಕೊಬ್ಬಿನ ವಿಷಯ ಅವ್ವನಿಗೆ ಹೇಳಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಹೇಳೋದೂ ಇಲ್ಲ.)

ಬುಧವಾರ ಬಟ್ಟಲು ತೆಗೆದ. ಲ್ಯಾವೆಂಡರ್ ವಾಸನೆ, ಮೇಲೆ ಕಂದು ಬಣ್ಣ, ಸಣ್ಣ ಬಿರುಕು. ಜೊತೆಗೆ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಚ್ಚಿದ್ದು. ಬಿಚ್ಚಿ ನೋಡ್ತೀನಿ ಅಂದರೆ, "ಬಿಚ್ಚಿದ್ರ ಕಿಮ್ಮತ್ ಕಮ್ಮಿ ಆಗ್ತೈತ್ರಿ ಸರ." 1950ರ ಮಾಲು ಅಂದ. ಸಾಕ್ಷಿ ಏನು ಅಂದೆ. ಡಬ್ಬಿಯ ಮೇಲಿನ ಚೀಟಿಗೆ ಬೆರಳು ಇಟ್ಟ: "ನೋಡ್ರಿ, ಬಾಂಬೇ ಅಂತ ಐತಿ. ಮುಂಬೈ ಅಂತಿಲ್ಲ. ಇನ್ನೇನ ಬೇಕ್ರಿ?" ನಾನು ಹೌದಲ್ಲ ಅಂತ ತಲೆ ಆಡಿಸಿದೆ. ಆಡಿಸಿದೆನಲ್ಲ! ಬಾಂಬೇ ಮುಂಬೈ ಆದದ್ದು 1995ರಲ್ಲಿ. ನಾನು ಆಗ ನೌಕರಿಗೆ ಸೇರಿ ಒಂದು ವರ್ಷ ಆಗಿತ್ತು, ಬಾಂಬೇ ಅಂತಲೇ ಪತ್ರ ಬರೆದಿದ್ದೇನೆ. ಅಷ್ಟೂ ಹೊಳೀಲಿಲ್ಲ.

4,500 ಅಂದ. 3,200ಕ್ಕೆ ಮುಗಿಸಿದೆ, ಗೆದ್ದೆ ಅಂದುಕೊಂಡೆ. ಯುಪಿಐ ಮಾಡಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಶಾಸ್ತ್ರೋಕ್ತವಾಗಿ ಕೂತೆ. ಸೋಪಿನ ಮೇಲೆ ಎರಡು ಚಮಚ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟೆ, ಬ್ರಶ್ಶು ನೆನೆಸಿದೆ, ತಿಕ್ಕಿದೆ. ನೊರೆ ಬಂತು. ಬುಸುಬುಸು ಬಂತು. ಮುಖಕ್ಕೆ ಹಚ್ಚಿ ರೇಜರ್ ಎತ್ತೋದರೊಳಗೆ ಕೆನ್ನೆ ಮೇಲೆ ಬರೀ ನೀರು. ಮತ್ತೆ ಹಚ್ಚಿದೆ. ಮತ್ತೆ ನೀರು. ಗದ್ದದ ಕೆಳಗೆ ಕೊಯ್ದುಕೊಂಡೆ. ಆಗ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ಮೂಗು ಏರಿಸಿ, "ಇದೇನ್ರಿ, ಮೈಗೆ ಹಚ್ಚೋ ಸಾಬೂನು ಹಚ್ಚಿಕೊಂಡು ಗಡ್ಡ ಮಾಡಲಿಕ್ಕೆ ಹತ್ತೀರಿ?" ಅಂದಳು.

ಆ ಕ್ಷಣ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಮೂಗಿಗೆ ಬರ್ತಿದ್ದ ಪರಿಚಿತ ವಾಸನೆ ಯಾವುದು ಅಂತ ನನಗೂ ಆಗಲೇ ಗೊತ್ತಾಗಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೇ. ಲ್ಯಾವೆಂಡರ್ ಕೆಳಗೆ ನಮ್ಮ ಬಚ್ಚಲುಮನೆಯೇ ನಾರುತ್ತಿತ್ತು. ಚಾಕು ತಂದು ಚುಚ್ಚಿದೆ. ಕಂದು ಬಣ್ಣ ಉಗುರಿನಷ್ಟು ದಪ್ಪ, ಚಹದ ಡಿಕಾಕ್ಷನ್ನು ಬಳಿದಿರಬೇಕು. ಒಳಗೆ ಮೆತ್ತಗಿನ ಬಿಳಿ ಹಿಟ್ಟು, ನಡುನಡುವೆ ಗುಲಾಬಿ ಚೂರು, ಹಸಿರು ಚೂರು. ಉಳಿದ ಬಿಲ್ಲೆಗಳನ್ನು ತುರಿದು, ಬಿಸಿನೀರಲ್ಲಿ ಕಲಸಿ ಬಟ್ಟಲಿಗೆ ಒತ್ತಿದ್ದಾನೆ. ಯಾರ್ಯಾರ ಮೈ ತಿಕ್ಕಿದ್ದೋ ಶಿವನೇ ಬಲ್ಲ.

ಇದು ನನಗೆ ಗೊತ್ತಾಗಬೇಕಿತ್ತು. ನಿಜವಾದ ಹಳೇ ಸೋಪು ವರ್ಷಗಟ್ಟಲೆ ನೀರು ಕಳೆದುಕೊಂಡು ಕುಗ್ಗಿರುತ್ತದೆ, ಬಟ್ಟಲು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಅಂಚಿನಲ್ಲಿ ಸಂದಿ ಬಿಟ್ಟಿರುತ್ತದೆ. ಇದು ರೊಟ್ಟಿ ಹಿಟ್ಟಿನ ಹಾಗೆ ಅಂಚಿಗೆ ಅಂಟಿಕೊಂಡಿತ್ತು. ನೋಡಿದೆ, ಚೆನ್ನಾಗಿ ಕೂತಿದೆ ಅಂತ ಖುಷಿಪಟ್ಟೆ!

ಡಬ್ಬಿ ಬಿಚ್ಚಿದೆ. ಬಾಂಬೇ ಅನ್ನೋ ಪದದ ಮುಂದೆ 400ರಿಂದ ಶುರುವಾಗೋ ಆರಂಕಿಯ ಪಿನ್‌ಕೋಡ್. ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಟೇಪು ಸರಿಯಾಗಿ ಅದರ ಮೇಲೇ ಇತ್ತು. ಮಗ್ಗುಲಲ್ಲಿ ಎಲ್ಲ ತೆರಿಗೆ ಸೇರಿ ಎಂಆರ್‌ಪಿ ಇಷ್ಟು ಅಂತ ಬೇರೆ. ಆ ಕಟ್ಟಳೆ 1990ರದ್ದು. ಮೊದಲು ತೆರಿಗೆ ಪ್ರತ್ಯೇಕ ಅಂತ ಇರ್ತಿತ್ತು, ನೆನಪಿದೆಯಲ್ಲ. 1950ರ ಡಬ್ಬಿಯಂತೆ!

ಈಗ ಅವನ ಉತ್ತರಗಳನ್ನು ಕೇಳಿ. ನೊರೆ ನಿಲ್ಲೋದಿಲ್ಲ ಅಂದೆ. "ಹಳೇ ಸಾಬೂನ ಹಂಗ ಇರ್ತೈತ್ರಿ, ನಾಕ ದಿನ ಬಳಸ್ರಿ, ಎದ್ದ ಬರ್ತೈತಿ." ಗುಲಾಬಿ ಚೂರಿನ ಫೋಟೋ ಕಳಿಸಿದೆ. "ಆವಾಗಿನ ಕಾಲಕ್ಕ ಹೂವಿನ ಪಕಳಿ ಹಾಕ್ತಿದ್ರು ಸರ." ಪಿನ್‌ಕೋಡ್ ತೋರಿಸಿದೆ. "ಬ್ರಿಟಿಷರ ಕಾಲದಾಗೂ ಪಿನ್ ಇತ್ರಿ." ದುಡ್ಡು ವಾಪಸ್ ಕೊಡು ಅಂದೆ. ಅದಕ್ಕೆ ಬಂದ ಉತ್ತರ ಇನ್ನೂ ಚುಚ್ಚುತ್ತದೆ: "ನೀವು ಶಾಣ್ಯಾ ಅದೀರಿ ಸರ, ನೋಡೇ ತಗೊಂಡೀರಿ." ಏನು ಹೇಳಲಿ. ನೋಡೇ ತಗೊಂಡಿದ್ದೆ.

ಅರ್ಧ ದಿನ ರಜೆ ಹಾಕಿ ಮುಂದಿನ ಬುಧವಾರ ಹೋದೆ, ಕೂಗಾಡಬೇಕು ಅಂತಲೇ ಹೋದೆ. ನನ್ನ ಕಂಡದ್ದೇ, "ಬರ್ರಿ ಸರ, ಚಾ ಕುಡೀರಿ" ಅಂದ. ಕುಡಿದೆ. ಹೌದು, ಕುಡಿದೆ. ನಮ್ಮ ಕಡೆಯವನು ಚಹಾ ಕೊಟ್ಟರೆ ಬೇಡ ಅನ್ನೋದು ಹೇಗೆ ಅಂತ ಕುಡಿದೆ. ಲೋಟ ಇಟ್ಟ ಮೇಲೆ ದನಿ ಏರಲಿಲ್ಲ. ದುಡ್ಡು ಕೊಡಲಿಲ್ಲ, ಬದಲಿಗೆ ಒಂದು ಹಳೇ ಬ್ರಶ್ಶು ಫುಕಟ್ ಕೊಟ್ಟ, "ಕುದರಿ ಕೂದಲದ್ದು, ಈಗ ಸಿಗೂದಿಲ್ರಿ." ಮನೆಗೆ ಬಂದ ಮೇಲೆ ನೆನಪಾಯಿತು, ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಂಥ ಕುದುರೆ ಕೂದಲ ಬ್ರಶ್ಶುಗಳಿಂದಲೇ ಇಂಗ್ಲೆಂಡು, ಅಮೆರಿಕಾದಲ್ಲಿ ಆಂಥ್ರಾಕ್ಸ್ ಹರಡಿ ಜನ ಸತ್ತಿದ್ದರು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬಾಲ್ಕನಿಯಲ್ಲಿಟ್ಟಿದ್ದೇನೆ. ಬಳಸೋಕೂ ಭಯ, ಎಸೆಯೋಕೂ ಭಯ.

ಕೊಳ್ಳಲೇಬೇಕು ಅನ್ನೋರು ಬಟ್ಟಲು ಅಲ್ಲಾಡಿಸಿ ನೋಡಿ. ಅಂಚನ್ನು ಉಗುರಿನಿಂದ ಕೆರೆದು ಮೂಸಿ. ಟೇಪು ಹಚ್ಚಿದ ಡಬ್ಬಿ ಬೇಡವೇ ಬೇಡ. ಮತ್ತೆ ದಯಮಾಡಿ ಅಲ್ಲಿ ಮರಾಠಿಯಲ್ಲೇ ಮಾತಾಡಿ, ಅವ್ವನ ಫೋನ್ ಬಂದರೆ ಆಮೇಲೆ ಮಾಡ್ತೀನಿ ಅನ್ನಿ.

ವಿಜಯಪುರದ ಹುಡುಗ ಆಗಲೇ 500 ಅಡ್ವಾನ್ಸ್ ಕಳಿಸಿಬಿಟ್ಟಿದ್ದನಂತೆ. ನಾನು ಹೇಳಿದ್ದನ್ನೆಲ್ಲ ಬರೆದು ವಾಪಸ್ ಕೇಳಿದ. ಉತ್ತರ ಇವತ್ತು ಬೆಳಿಗ್ಗೆ ಬಂತು, ಲಿಫ್ಟಿನಲ್ಲಿ ತೋರಿಸಿದ: "ಆ ಕಾಕಾರ ಮಾತ ಕೇಳಬ್ಯಾಡ್ರಿ. ಅವ್ರಿಗೆ ಸಾಬೂನ ಹಚ್ಚಾಕ ಬರೂದಿಲ್ಲ."